ರಾತ್ರಿ ಉಸುರು ನಿಂತ್ರ ಹಗಲಿನ ಜಿಮ್ಮು ಏನ್ ಮಾಡ್ತದ? (ಓದುಗರ ಪ್ರಶ್ನಿ, ಡಾಕ್ಟರ್ ಉತ್ರ)

ಹೋದ ತಿಂಗಳು ಬಿಪಿ ಬಗ್ಗೆ ಬರಿಯೋ ಮುಂದ ಗೊರಕಿ ಬಗ್ಗೆನೂ ಎರಡು ಸಾಲು ಬರ್ದಿದ್ದೆ, ಅದಕ್ಕೇ ಇರಬೇಕು ಈ ಸಲ ಬಂದ ಪತ್ರದಾಗ ಮುಕ್ಕಾಲು ಪಾಲು ಸ್ಲೀಪ್ ಅಪ್ನಿಯಾ, ಅಂದ್ರ ನಿದ್ದಿದಾಗ ಉಸುರು ನಿಂತು ನಿಂತು ಬರೋ ರೋಗದ ಬಗ್ಗೆನೇ ಅದಾವ. ಒಂದೇ ಥರ ಇದ್ದವು ಕೂಡ್ಸಿ ಒಂದಕ್ಕೇ ಉತ್ರ ಬರ್ದೀನಿ. ಯಾರ ಹೆಸರೂ ಹಾಕಿಲ್ಲ, ಕೆಲವ್ರು ಹಾಕಬ್ಯಾಡ್ರಿ ಅಂತ ಕೈಮುಗ್ದು ಬರ್ದಾರ.

ಪ್ರಶ್ನಿ: ಡಾಕ್ಟರ್ ಸಾಹೇಬ್ರ, ನನಗ 43 ವಯಸ್ಸು, ಕಲಬುರಗಿ ಗಂಜ್‌ದಾಗ ತೊಗರಿ ಕಮಿಷನ್ ಅಂಗಡಿ ಅದ. ವಜನ 98 ಕೆಜಿ. ವರ್ಷದಿಂದ ಮುಂಜಾನಿ ಅಪ್ಪನ ಕೆರಿ ಸುತ್ತ ವಾಕಿಂಗ್, ಸಂಜಿಕ ಜಿಮ್ಮು, ಎರಡೂ ನಡದದ, ಆದ್ರ ವಜನ ಇಳಿವಲ್ದು. ನನ್ನ ಜೋಡಿ ಸೇರಿದ ಹುಡುಗ್ರೆಲ್ಲಾ ಮುಂದ ಹೋದ್ರು, ನಾ ಇನ್ನೂ ಅದೇ ಡಂಬೆಲ್ಲಿಗೆ ಏದುಸುರು ಬಿಡ್ತೀನಿ. ಮಧ್ಯಾಹ್ನ ಗಾದಿ ಮ್ಯಾಲ ಕೂತಲ್ಲೇ ಜೋಂಪು ಹತ್ತದ. ಎರಡು ಥರದ ಬಿಪಿ ಗುಳಿಗಿ ನುಂಗಿದ್ರೂ 150ರ ಕೆಳಗ ಬರವಲ್ದು. ಮನಿಯಾಕಿ ರಾತ್ರಿ ನನ್ನ ಉಸುರು ನಿಂತು ನಿಂತು ಬರೋದು ವಿಡಿಯೋ ಮಾಡಿ ತೋರ್ಸಿದ್ಲು, ಆಮ್ಯಾಲ ಟೆಸ್ಟ್ ಮಾಡ್ಸಿದ್ವಿ, ಎಎಚ್‌ಐ 38 ಅಂತ ಬಂತು, ರಾತ್ರಿ ಮಾಸ್ಕಿನಿಂದ ಗಾಳಿ ಒತ್ತೋ ಸಿಪ್ಯಾಪ್ ಮಷೀನ್ ಹಾಕ್ಕೋ ಅಂದಾರ. ನಾ ದಪ್ಪ ಇದ್ದಿದ್ದಕ್ಕ ಇದು ಬಂತೋ, ಇದು ಬಂದಿದ್ದಕ್ಕ ದಪ್ಪ ಆದ್ನೋ? ಜಿಮ್ ಬಿಡ್ಲೇನು?

ಉತ್ರ: ಸಾವ್ಕಾರ್ರೆ, ಜಿಮ್ ಬಿಡಬ್ಯಾಡ್ರಿ, ಖರೆ ಮಷೀನ್ ಮೊದ್ಲು ತಗೋರಿ. ಎಎಚ್‌ಐ 38 ಅಂದ್ರ ನಿದ್ದಿಯ ಒಂದು ತಾಸಿನಾಗ 38 ಸಲ ನಿಮ್ಮ ಗಂಟಲು ಪೂರಾನೋ ಅರ್ಧನೋ ಮುಚ್ಕೊಂಡದ, ಅದೂ ಒಂದೊಂದು ಸಲ ಕಮ್ಮಿ ಅಂದ್ರ 10 ಸೆಕೆಂಡು. 5ರ ಒಳಗಿದ್ರ ಚಿಂತಿ ಇಲ್ಲ, 15ರ ತನಕ ಸಣ್ಣದು, 30ರ ತನಕ ನಡುಮಧ್ಯದ್ದು, 30 ದಾಟಿದ್ರ ಸಿವಿಯರ್. ಆರು ತಾಸು ಮಲಗಿದ್ರ 228 ಸಲ ಆತು ನೋಡ್ರಿ. ಪ್ರತಿ ಸಲ ರಕ್ತದಾಗ ಆಕ್ಸಿಜನ್ ಇಳೀತದ, ಮೆದುಳು ಗಾಬರಿ ಬಿದ್ದು ಅರ್ಧ ಎಬ್ಬಸ್ತದ, ಅಡ್ರಿನಲಿನ್ ಹರೀತದ, ಬಿಪಿ ಜಿಗೀತದ, ಗಂಟಲು ತೆರೀತದ, ಮತ್ತ ಕಣ್ಣು ಹತ್ತಿ ಮತ್ತ ಮುಚ್ತದ, ಇಷ್ಟೆಲ್ಲಾ ಆದ್ರೂ ಮುಂಜಾನಿ ನಿಮಗ ಒಂದೂ ನೆನಪಿರಲ್ಲ. ಆರು ತಾಸು ಮಲಗೀನಿ ಅಂತ ನೀವು ಅಂತೀರಿ, ಮೈ ಮಾತ್ರ ರಾತ್ರಿಯೆಲ್ಲಾ ಯಾದಗಿರಿ ಕೋಟಿ ಗುಡ್ಡ ಹತ್ತಿ ಇಳ್ದಂಗ ದಣಿದಿರ್ತದ.

ಆ ಮೈ ತಗೊಂಡು ಜಿಮ್ಮಿಗೆ ಹೋಗ್ಲಕತ್ತೀರಿ. ಎತ್ತಿದ ವಜನಕ್ಕ ಸ್ನಾಯು ಬೆಳೆಯೋದು ಜಿಮ್ಮಿನಾಗ ಅಲ್ಲ, ಆಮ್ಯಾಲ ಸಿಗೋ ವಿಶ್ರಾಂತಿದಾಗ, ಅದರಾಗೂ ರಾತ್ರಿ ಗಾಢ ನಿದ್ದಿದಾಗ, ಬೆಳವಣಿಗಿ ಹಾರ್ಮೋನು ಜಾಸ್ತಿ ಬರೋದು ಅವಾಗೇ. ನಿಮಗ ಆ ನಿದ್ದಿನೇ ಸಿಗ್ಲಿಕತ್ತಿಲ್ಲ. ನಿದ್ದಿ ಕೆಟ್ಟವರಿಗೆ ಹಸಿವಿನ ಹಾರ್ಮೋನುಗಳೂ ಏರುಪೇರು ಆಗ್ತಾವ, ಹೊಟ್ಟಿ ತುಂಬೇದ ಅಂತ ಹೇಳೋದು ಮೆದುಳಿಗೆ ಮುಟ್ಟಲ್ಲ, ಅದಕ್ಕ ಸಂಜಿ ನಾಕಕ್ಕ ಮಿರ್ಚಿ ಭಜಿ, ಸೂಸಲಾ, ಚಹಾದ ಜೋಡಿ ಖಾರಿ, ಏನ್ ಸಿಕ್ತದೋ ಅದರ ಮ್ಯಾಲ ಕೈ ಹೋಗ್ತದ. ಇದನ್ನ ಬಾಯಿಚಪಲ ಅಂತ ಮನಿಯವ್ರು ಬೈತಾರ, ಅರ್ಧ ತಪ್ಪು ನಿದ್ದಿದು. ಬಿಪಿ ಮಾತೂ ಅಷ್ಟೇ, ಆರೋಗ್ಯ ಇದ್ದವರಿಗೆ ರಾತ್ರಿ ಬಿಪಿ ಹತ್ತರಿಂದ ಇಪ್ಪತ್ತು ಪರ್ಸೆಂಟ್ ಇಳೀತದ, ಅಪ್ನಿಯಾ ಇದ್ದವರಿಗೆ ಭಾಳ ಮಂದಿಗೆ ಇಳಿಯಂಗೇ ಇಲ್ಲ. ಗುಳಿಗಿ ಮ್ಯಾಲ ಗುಳಿಗಿ ಹಾಕಿದ್ರೂ ಬಿಪಿ ಬಗ್ಗವಲ್ದು ಅಂತ ಬಂದವರಿಗೆ ನಾ ಮೊದ್ಲು ಕೇಳೋ ಪ್ರಶ್ನಿನೇ ಗೊರಕಿದು.

ಇನ್ನ ಯಾವುದು ಮೊದ್ಲು ಅಂತ ಕೇಳೀರಿ. ಎರಡೂ ಒಂದಕ್ಕೊಂದು ಸಿಕ್ಕು ಹಾಕ್ಕೊಂಡಾವ. ಕುತ್ತಿಗಿ, ನಾಲಿಗಿ ಬುಡದಾಗ ಕೊಬ್ಬು ಕೂತ್ರ ದಾರಿ ಸಣ್ಣ ಆಗ್ತದ. ಅಮೆರಿಕದ ವಿಸ್ಕಾನ್ಸಿನ್‌ದಾಗ ವರ್ಷಗಟ್ಲೆ ಮಂದೀನ ನೋಡಿ 2000ದಾಗ ಒಂದು ಲೆಕ್ಕ ಕೊಟ್ಟಾರ, ವಜನ 10 ಪರ್ಸೆಂಟ್ ಏರಿದ್ರ ಎಎಚ್‌ಐ ಸುಮಾರು 32 ಪರ್ಸೆಂಟ್ ಏರ್ತದ, 10 ಪರ್ಸೆಂಟ್ ಇಳಿದ್ರ 26 ಪರ್ಸೆಂಟ್ ಇಳೀತದ. ಅಂದ್ರ ನೀವು 98ರಿಂದ 88ಕ್ಕ ಬಂದ್ರೂ 38 ಇದ್ದದ್ದು 28ರ ಸನೇಕ ಬರಬಹುದು, ಪೂರಾ ಹೋಗಲ್ಲ. ಅದಕ್ಕ "ಮೊದ್ಲು ಸಣ್ಣ ಆಗ್ತೀನಿ, ಆಮ್ಯಾಲ ಮಷೀನ್ ನೋಡೂನು" ಅನ್ನೋ ಮಾತು ನನಗ ಒಪ್ಪಿಗಿ ಇಲ್ಲ, ಸಣ್ಣ ಆಗೋ ತಾಕತ್ತನ್ನೇ ಇದು ತಿನ್ಲಕತ್ತದ.

ಹಂಗಂತ ವ್ಯಾಯಾಮ ದಂಡ ಅಂತ ತಿಳ್ಕೋಬ್ಯಾಡ್ರಿ. 2011ರಾಗ ಅಮೆರಿಕದಾಗೇ ಇನ್ನೊಂದು ಪರೀಕ್ಷಾ ಮಾಡ್ಯಾರ, ಅಪ್ನಿಯಾ ಇದ್ದವರಿಗೆ 12 ವಾರ, ವಾರಕ್ಕ 150 ನಿಮಿಷ ಬಿರುಸು ನಡಿಗಿ ಥರದ್ದು, ಎರಡು ದಿನ ವಜನ ಎತ್ತೋದು. ಕೊನಿಗೆ ಎಎಚ್‌ಐ 32ರಿಂದ 25ರ ಸನೇಕ ಇಳಿದಿತ್ತು, ಮಜಾ ಏನಂದ್ರ ವಜನ ಅಂಥಾ ಏನೂ ಇಳಿದಿರಲಿಲ್ಲ! ಕಾಟಾ ಮ್ಯಾಲ ನಿಂತು ದಿನಾ ಬ್ಯಾಸರ ಮಾಡ್ಕೊಳ್ಳೋರು ಇದನ್ನ ಗ್ವಾಡಿಗಿ ಬರ್ದು ಹಚ್ರಿ. ಯಾಕ ಹಿಂಗ ಅನ್ನೋದಕ್ಕ ಒಂದು ಕಾರಣ ನಿಮ್ಮ ಗಾದಿ ಧಂದಾಕ್ಕೇ ಸಂಬಂಧ ಅದ. ದಿನಾ ಹತ್ತು ತಾಸು ಕೂತೇ ಇದ್ರ ಕಾಲಿನಾಗ ನೀರಿನಂಶ ನಿಲ್ತದ, ರಾತ್ರಿ ಅಡ್ಡ ಆದಾಗ ಅದು ಮ್ಯಾಲಕ್ಕ ಬಂದು ಕುತ್ತಿಗಿದಾಗ ಸೇರಿ ಗಂಟಲಿನ ಗ್ವಾಡಿ ಬಾಯಿಸ್ತದ. ಮೀನಖಂಡ ಆಡಿದ್ರ ನೀರು ನಿಲ್ಲಲ್ಲ. ಅದಕ್ಕ ಮುಂಜಾನಿ ಒಂದು ತಾಸು ಕೆರಿ ಸುತ್ತಿ ಉಳಿದ ದಿನ ಪೂರಾ ಕೂಡೋಕಿಂತ, ತಾಸಿಗೊಮ್ಮಿ ಎದ್ದು ಚೀಲದ ಸಾಲಿನ ತನಕ ಹೋಗಿ ಬರ್ರಿ, ಹಮಾಲರ ಜೋಡಿ ಎರಡು ಮಾತಾಡಿದಂಗೂ ಆಗ್ತದ.

ಸದ್ಯಕ್ಕ ಹಿಂಗ ಮಾಡ್ರಿ. ಒಂದು ಇಸಿಜಿ ತೆಗೆಸ್ರಿ, ಬಿಪಿ ಹತೋಟಿಗೆ ಬರೋ ತನಕ ಉಸುರು ಬಿಗಿಹಿಡಿದು ಭಾರ ಎತ್ತೋದು ಬ್ಯಾಡ, ಮಷೀನ್ ರೂಢಿ ಆಗೋ ಮೊದಲ ಎರಡು ಮೂರು ವಾರ ಬರೇ ನಡಿಗಿ ಸಾಕು. ಆಮ್ಯಾಲ ಜಿಮ್ಮು ಹಂತಹಂತವಾಗಿ. ರಾತ್ರಿ ಅಂಗಡಿ ಮುಚ್ಚಿ ಹನ್ನೊಂದಕ್ಕ ಉಂಡು, ಮುಂಜಾನಿ ನಾಕೂವರಿಗೆ ಎದ್ದು ವಾಕಿಂಗ್ ಹೋಗೋದು ಶೂರತನ ಅಲ್ಲ. ಕನಸು ಬೀಳೋ ನಿದ್ದಿ ಬೆಳಗಿನ ಜಾವಕ್ಕ ಜಾಸ್ತಿ ಇರ್ತದ, ಅಪ್ನಿಯಾನೂ ಅವಾಗೇ ಜೋರು ಇರ್ತದ, ರಾತ್ರಿ ಎರಡು ಗಂಟೆಕ್ಕ ಮಾಸ್ಕ್ ಕಿತ್ತು ಒಗಿಯೋರಿಗೆ ಬೇಕಾದ ಹೊತ್ತಿನಾಗೇ ರಕ್ಷಣಾ ತಪ್ತದ. ಇನ್ನೊಂದು, ಮಷೀನ್ ಹಾಕಿದ ಕೂಡ್ಲೆ ವಜನ ಇಳೀತದ ಅಂತ ಅಂಗಡಿಯವ್ರು ಹೇಳಿದ್ರ ನಂಬಬ್ಯಾಡ್ರಿ, ಕೆಲವ್ರಿಗೆ ಜರಾ ಏರ್ತದನೂ, ರಾತ್ರಿಯೆಲ್ಲಾ ಉಸುರಿಗಾಗಿ ಗುದ್ದಾಡೋದು ನಿಲ್ತದಲ್ಲಾ, ಆ ಖರ್ಚು ಉಳೀತದ. ಮಷೀನ್ ನಿಮಗ ಹಗಲು ಎಚ್ಚರ ಕೊಡ್ತದ, ಅದನ್ನ ಬಳಸ್ಕೊಂಡು ಬೆವರು ಸುರಿಸೋದು ನೀವೇ.

ಪ್ರಶ್ನಿ: ನಾನು ಬೀದರಿನ ಸಾಲಿ ಟೀಚರ್, 52 ವರ್ಷ, ಮುಟ್ಟು ನಿಂತು ಮೂರು ವರ್ಷ ಆತು. ಗೊರಕಿ ಅಂಥಾ ಏನೂ ಇಲ್ಲ. ಮುಂಜಾನಿ ತಲಿನೋವು, ರಾತ್ರಿ ಮೂರ್ನಾಕು ಸಲ ಮೂತ್ರಕ್ಕ ಏಳ್ತೀನಿ, ಶುಗರ್ ನೋಡಿದ್ರ ನಾರ್ಮಲ್. ಮೊದ್ಲು ಮೂರು ಮಾಳಗಿ ಮೆಟ್ಲ ಹತ್ತಾಕಿ ಈಗ ಒಂದಕ್ಕೇ ನಿಲ್ತೀನಿ. ವಯಸ್ಸಾತು ಸುಮ್ನಿರು ಅಂತಾರ ಎಲ್ಲಾರೂ.

ಉತ್ರ: ಅಕ್ಕೋರೆ, ಸುಮ್ನಿರಬ್ಯಾಡ್ರಿ. ಅಪ್ನಿಯಾ ಅಂದ್ರ ಹೊಟ್ಟಿ ಬಂದ ಗಂಡಸರ ರೋಗ ಅಂತ ಮಂದಿ ಅಷ್ಟೇ ಅಲ್ಲ, ಡಾಕ್ಟರ್ ಮಂದಿನೂ ತಿಳ್ಕೊಂಡಿರ್ತಾರ. ಮುಟ್ಟು ನಿಂತ ಮ್ಯಾಲ ಹೆಣ್ಮಕ್ಕಳಿಗೆ ಇದು ಜಾಸ್ತಿ ಆಗ್ತದ, ಯಾಕಂದ್ರ ಉಸುರಾಟಕ್ಕ ಬೆನ್ನಿಗೆ ನಿಲ್ತಿದ್ದ ಪ್ರೊಜೆಸ್ಟೆರಾನ್ ಹಾರ್ಮೋನು ಕಮ್ಮಿ ಆಗಿರ್ತದ. ನಿಮ್ಮಂಥವರಿಗೆ ಗೊರಕಿಕಿಂತ ದಣಿವು, ತಲಿನೋವು, ನಿದ್ದಿ ಬರದಿರೋದು, ಮನಸ್ಸು ಕುಗ್ಗೋದು ಮುಂದ ಇರ್ತಾವ, ಅದಕ್ಕ ವಿಟಮಿನ್ ಗುಳಿಗಿ, ಟೆನ್ಷನ್ ಗುಳಿಗಿ ಅಂತ ವರ್ಷಗಳು ಹೋಗ್ತಾವ.

ಮೂತ್ರದ ಮಾತು ನೀವು ಬರ್ದಿದ್ದು ಭಾಳ ಛಲೋ ಆತು, ಇದನ್ನ ಯಾರೂ ಹೇಳಲ್ಲ. ಗಂಟಲು ಮುಚ್ಚಿದಾಗ ಎದಿ ಜೋರಾಗಿ ಗಾಳಿ ಎಳಿಲಿಕ್ಕ ನೋಡ್ತದ, ಒಳಗಿನ ಒತ್ತಡ ಬದಲಾಗಿ ಗುಂಡಿಗಿಯ ಮ್ಯಾಲಿನ ಕೋಣಿ ಹಿಗ್ತದ, ನೀರು ಜಾಸ್ತಿ ಆಗ್ಯದ ಅಂತ ತಿಳ್ಕೊಂಡು ಗುಂಡಿಗಿ ಒಂದು ಹಾರ್ಮೋನು ಬಿಡ್ತದ, ಕಿಡ್ನಿ ಮೂತ್ರ ಮಾಡ್ತದ. ಶುಗರ್ ಇಲ್ಲದವರು ರಾತ್ರಿ ಪದೇಪದೇ ಏಳ್ತಿದ್ರ ಇದೂ ಒಂದು ಕಾರಣ ಇರಬಹುದು. ಮೊದ್ಲು ಹಿಮೋಗ್ಲೋಬಿನ್, ಟಿಎಸ್ಎಚ್ (ಥೈರಾಯ್ಡ್ ಟೆಸ್ಟು) ಎರಡೂ ಮಾಡ್ಸ್ರಿ, ರಕ್ತ ಕಮ್ಮಿ ಇದ್ರೂ ಮೆಟ್ಲಕ್ಕ ದಮ್ಮು ಹತ್ತದ, ಥೈರಾಯ್ಡ್ ಕಮ್ಮಿ ಇದ್ರ ಅದರಿಂದನೇ ಅಪ್ನಿಯಾ ಬರಬಹುದು. ಎದಿನೋವು, ಕಾಲುಬಾವು ಇದ್ರ ಗುಂಡಿಗಿ ಡಾಕ್ಟರ್ ಕಡಿ ತಡಾ ಮಾಡಬ್ಯಾಡ್ರಿ. ಆಮ್ಯಾಲ ನಿದ್ದಿ ಟೆಸ್ಟು. ಈಗ ಬೆರಳಿಗೆ, ಮೂಗಿಗೆ, ಎದಿಗೆ ಕಟ್ಟಿ ಮನಿಯಾಗೇ ಮಾಡೋ ಮಷೀನ್ ಬಂದಾವ, ದವಾಖಾನಿಯಾಗೇ ಮಲಗಬೇಕು ಅಂತ ಎಲ್ಲಾರಿಗೂ ಇಲ್ಲ.

ಪ್ರಶ್ನಿ: ನಾ ಹುಮನಾಬಾದ್ ಕಡಿಯವ, ಲಾರಿ ಡ್ರೈವರ್. ಹೈದರಾಬಾದ್ ಹೈವೇದಾಗ ರಾತ್ರಿ ಎರಡರ ಮ್ಯಾಲ ಕಣ್ಣು ತಾವೇ ಮುಚ್ತಾವ. ಗುಟ್ಕಾ, ಖಿಡಕಿ ತೆಗ್ಯೋದು, ಜೋರು ಹಾಡು ಎಲ್ಲಾ ಆತು. ಡಾಕ್ಟರ್ ಅಪ್ನಿಯಾ ಅಂದಾರ. ಮಾಲಕರಿಗೆ ಹೇಳಿದ್ರ ಕೆಲಸ ಹೋಗ್ತದ.

ಉತ್ರ: ತಮ್ಮಾ, ಇದಕ್ಕ ಮಾತ್ರ ನಾ ಮೆತ್ತಗ ಹೇಳಂಗಿಲ್ಲ. ಇವತ್ತಿನಿಂದ ಚಿಕಿತ್ಸಾ ಶುರು ಆಗಿ ಜೋಂಪು ಹೋಗೋ ತನಕ ಸ್ಟೇರಿಂಗ್ ಹಿಡೀಬ್ಯಾಡ. ಗುಟ್ಕಾ, ಗಾಳಿ, ಹಾಡು ಇವು ಯಾವೂ ನಿದ್ದಿ ತಡ್ಯಲ್ಲ, ಎಚ್ಚರ ಇದ್ದೀನಿ ಅಂತ ಭ್ರಮಾ ಕೊಡ್ತಾವ ಅಷ್ಟೇ, ನಾಕು ಸೆಕೆಂಡು ಕಣ್ಣು ಮುಚ್ಚಿದ್ರ 60ರ ಸ್ಪೀಡಿನಾಗ ಲಾರಿ 66 ಮೀಟರ್ ತಾನೇ ಹೋಗಿರ್ತದ, ಅದೂ ಎದುರಿಗೆ ಬೈಕ್ ಮ್ಯಾಲ ಬರ್ತಿರೋನು ಯಾರ ಮನಿ ಮಗನೋ. ಮಾಲಕರಿಗೆ ಹೇಳು, ಆದ್ರ ಸರಿಯಾಗಿ ಹೇಳು: ರೋಗ ಅದ, ಔಷಧಿ ಅದ, ಒಂದಷ್ಟು ದಿನ ಕ್ಲೀನರ್ ಕೆಲಸನೋ ಗೋಡೌನ್ ಕೆಲಸನೋ ಕೊಡ್ರಿ ಅಂತ. ಮಷೀನ್ ರಾತ್ರಿಯೆಲ್ಲಾ ಬರೋಬ್ಬರಿ ಹಾಕಿದವ್ರಿಗೆ ಹಗಲ ಜೋಂಪು ಕೆಲವೇ ದಿನ, ವಾರದಾಗ ಇಳಿಯೋದು ನಾ ದಿನಾ ನೋಡ್ತೀನಿ. ಜೋಂಪು ಪೂರಾ ಹೋಗ್ಯದ ಅಂತ ಡಾಕ್ಟರ್ ಕಡಿಂದ ಬರೆಸ್ಕೊಂಡೇ ಮತ್ತ ಗಾಡಿ ಹತ್ತು. ಲಾರಿ ಬ್ಯಾಟರಿಗೆ ಹಚ್ಚೋ ಅಡಾಪ್ಟರ್ ಇರೋ ಮಷೀನೂ ಸಿಗ್ತಾವ, ಕೊಳ್ಳೋ ಮುಂದ 24 ವೋಲ್ಟಿಗೆ ನಡೀತದ ಏನು ಕೇಳು. ಒಮ್ಮೆಲೆ ರೊಕ್ಕ ಇಲ್ಲಂದ್ರ ದೊಡ್ಡ ಊರಾಗ ಬಾಡಿಗಿಗೂ ಕೊಡ್ತಾರ. ಮತ್ತ ರಾತ್ರಿ ಢಾಬಾದಾಗ ಕುಡಿಯೋದು ಇದ್ರ ಅದು ಬಂದ್, ಎಣ್ಣಿ ಒಳಗ ಹೋದ್ರ ಗಂಟಲಿನ ಸ್ನಾಯು ಇನ್ನಷ್ಟು ಸಡಿಲ.

ಪ್ರಶ್ನಿ: ಶಹಾಪುರದಾಗ ಇರ್ತೀವಿ, ಅಪ್ಪಾಜಿಗೆ ಸಿಪ್ಯಾಪ್ ಕೊಟ್ಟಾರ. ಬ್ಯಾಸಿಗಿದಾಗ ಮಾಳಗಿ ಮ್ಯಾಲ ಮಲಗೋ ರೂಢಿ, ಕರೆಂಟ್ ಬ್ಯಾರೆ ಹೋಗ್ತದ, ಬೋರಿನ ನೀರು ಹಾಕಿದ್ರ ಡಬ್ಬಿದಾಗ ಬಿಳಿ ಕಟ್ತದ, ಮಾಸ್ಕಿನಿಂದ ಗಾಳಿ ಸೋರ್ತದ ಅಂತ ಅವ್ರು ಹಾಕ್ಕೊಳ್ಳಂಗೇ ಇಲ್ಲ.

ಉತ್ರ: ಅಪ್ಪಾಜಿಗೆ ಮೀಸಿ ದೊಡ್ಡದದ ಏನ್ರಿ? ನಗಬ್ಯಾಡ್ರಿ, ನಮ್ಮ ಕಡಿ ಮಾಸ್ಕ್ ಸೋರಲಿಕ್ಕ ಅದು ದೊಡ್ಡ ಕಾರಣ. ಮೀಸಿ ತೆಗಿರಿ ಅಂದ್ರ ಮಷೀನೇ ಒಗೀತಾರ, ಅದಕ್ಕ ಮೂಗಿನ ಹೊಳ್ಳಿಗಷ್ಟೇ ಕೂಡೋ ಪಿಲ್ಲೋ ಮಾಸ್ಕ್ ಕೇಳ್ರಿ. ಬಾಯಿ ತೆರೆದು ಮಲಗೋರಿಗೆ ಅದು ನಡ್ಯಲ್ಲ, ಅವಾಗ ಬ್ಯಾರೆ ಸೈಜು ನೋಡಬೇಕು. ಶುರುವಿಗೆ ಹಗಲಿನಾಗ ಟಿವಿ ನೋಡ್ತಾ ಅರ್ಧ ತಾಸು ಹಾಕ್ಕೊಂಡು ಕೂಡ್ಲಿ, ಗಾಳಿ ನಿಧಾನಕ್ಕ ಏರೋ ಸೆಟ್ಟಿಂಗ್ ಇರ್ತದ ಅದನ್ನ ಆನ್ ಮಾಡ್ರಿ.

ಗಾಳಿ ತೇವ ಮಾಡೋ ಆ ಡಬ್ಬಿಗೆ ಡಿಸ್ಟಿಲ್ಡ್ ವಾಟರ್ ಹಾಕ್ರಿ, ದಿನಾ ಬದಲಾಸ್ರಿ. ನಮ್ಮ ಬೋರಿನ ನೀರು ಯಾವತ್ತೂ ಬ್ಯಾಡ. ನೀರು ಕಾಸೋ ಭಾಗನೇ ಕರೆಂಟ್ ತಿನ್ನೋದು, ಅದು ಬಂದ್ ಮಾಡಿದ್ರ ಮಷೀನ್ ಭಾಳ ಕಮ್ಮಿ ಎಳೀತದ, ಮನಿ ಇನ್ವರ್ಟರ್ ಮ್ಯಾಲ ರಾತ್ರಿಯೆಲ್ಲಾ ನಡೀತದ. ಮಾಳಗಿ ಮ್ಯಾಲ ಮಲಗಬಹುದು, ಎಕ್ಸ್‌ಟೆನ್ಷನ್ ಬೋರ್ಡ್ ಮ್ಯಾಲಕ್ಕ ಒಯ್ರಿ, ಮಷೀನ್ ನೆಲಕ್ಕ ಇಡಬ್ಯಾಡ್ರಿ, ಧೂಳು ಎಳೀತದ. ತೊಗರಿ ರಾಶಿ ದಿನದಾಗಂತೂ ಫಿಲ್ಟರ್ ವಾರಕ್ಕೊಮ್ಮಿ ನೋಡ್ರಿ. ಮಾಸ್ಕ್ ದಿನಾ ಸಾದಾ ಸೋಪಿನ ನೀರಿನಾಗ ತೊಳೀರಿ. ಬೆಂಗಳೂರ್ ರೈಲಿಗೂ ಒಯ್ಯಬಹುದು, ಆದ್ರ ಬರ್ತಿನ ಸನೇಕದ ಪಾಯಿಂಟ್ ಮೊಬೈಲಿಗಂತ ಮಾಡಿದ್ದು, ಅದನ್ನ ನಂಬಿ ಹೋಗಬ್ಯಾಡ್ರಿ, ಬ್ಯಾಟರಿ ಇರ್ಲಿ. ಅಂದಂಗ, ಗಾಳಿ ಒತ್ತಿ ಗಂಟಲು ತೆರೆದಿಡೋ ಈ ಉಪಾಯ 1981ರಾಗ ಆಸ್ಟ್ರೇಲಿಯಾದ ಡಾಕ್ಟರ್ ಕಾಲಿನ್ ಸಲಿವನ್ ತೋರ್ಸಿದ್ದು, ಅವಾಗಿನ ಮಷೀನಿನ ಸಪ್ಪಳ ಕೇಳಿದ್ರ ಅಪ್ಪಾಜಿ ಈಗಿನದಕ್ಕ ಕೈಮುಗೀತಿದ್ರು.

ಪ್ರಶ್ನಿ: ಸರ, 24 ವರ್ಷ, ಪೊಲೀಸ್ ಭರ್ತಿಗೆ ತಯಾರಿ ನಡದದ. ಜಿಮ್ ಬಾಡಿ ಅದ, ಕೊಬ್ಬಿಲ್ಲ. ಆದ್ರ 1600 ಮೀಟರ್ ಓಟದಾಗ ಕೊನೀ ರೌಂಡಿಗೆ ಸತ್ತೇ ಹೋಗ್ತೀನಿ. ರೂಂಮೇಟ್ ಗೊರಕಿ ಅಂತಾನ, ವಾಚಿನಾಗ ಆಕ್ಸಿಜನ್ 86 ತೋರಿಸ್ತು. ಹಿಂದಿ ಸಿನಿಮಾದ ಸಂಗೀತಗಾರ ಬಪ್ಪಿ ಲಹಿರಿ ಇದರಿಂದನೇ ಹೋದ್ರು ಅಂತ ಓದಿ ಅಂಜಿಕಿ ಬಂದದ.

ಉತ್ರ: 2022ರ ಫೆಬ್ರವರಿದಾಗ ಅವ್ರು ತೀರ್ಕೊಂಡಾಗ ದವಾಖಾನಿಯವ್ರು ಅಪ್ನಿಯಾ ಹೆಸರು ಹೇಳಿದ್ದು ಖರೆ, ಆದ್ರ ಅವ್ರಿಗೆ 69 ವರ್ಷ, ಬ್ಯಾರೆ ತ್ರಾಸೂ ಇದ್ವು. ನೀ ಟೇಪ್ ತಗೊಂಡು ಕುತ್ತಿಗಿ ಅಳಿ. 17 ಇಂಚಿಗಿಂತ ಜಾಸ್ತಿ ಇದ್ರ ಅದು ಸ್ನಾಯುನೇ ಇರ್ಲಿ, ಗಂಟಲಿಗೆ ಒತ್ತು ಬೀಳಬಹುದು, ಅಮೆರಿಕದ ಫುಟ್ಬಾಲ್ ಆಡೋ ಗಟ್ಟಿ ಆಳುಗಳಲ್ಲೂ ಇದು ಸಿಕ್ಕದ. ಟಾನ್ಸಿಲ್ ದೊಡ್ಡದು, ಮೂಗಿನ ಗ್ವಾಡಿ ಸೊಟ್ಟ, ಗದ್ದ ಹಿಂದಕ್ಕ ಇದ್ರೂ ಬರ್ತದ, ಇಎನ್‌ಟಿ ಡಾಕ್ಟರಿಗೆ ಒಮ್ಮಿ ತೋರ್ಸು. ವಾಚು ಮಣಿಕಟ್ಟಿಗೆ ಸಡಿಲ ಇದ್ರೂ 86 ತೋರಿಸ್ತದ, ಅದು ಸುಳಿವು ಅಷ್ಟೇ, ಟೆಸ್ಟ್ ಮಾಡ್ಸಿದ್ರನೇ ಗೊತ್ತಾಗೋದು. ಮತ್ತ ನೀ ಬರ್ದಿಲ್ಲ ಆದ್ರೂ ಕೇಳ್ತೀನಿ, ಜಿಮ್ಮಿನಾಗ ಯಾರಾರ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಕೊಟ್ಟಾರೇನು? ಕೊಟ್ಟಿದ್ರ ನಿಲ್ಸು, ಡಾಕ್ಟರಿಗೆ ಖರೆ ಹೇಳು, ಅಪ್ನಿಯಾ ಅದರಿಂದ ಜಾಸ್ತಿ ಆಗಬಹುದು. ಓಟಕ್ಕ ಬರೇ ಡಂಬೆಲ್ ಸಾಲಲ್ಲ, ಅದು ಬ್ಯಾರೆ ಮಾತು, ವಾರಕ್ಕ ಮೂರ್ನಾಕು ದಿನ ನಿಧಾನಕ್ಕ ದೂರ ಓಡು.

ಸಣ್ಣ ಸಣ್ಣ ಪ್ರಶ್ನಿ:

ಶಂಖ ಊದಿದ್ರ ಅಪ್ನಿಯಾ ಹೋಗ್ತದಂತ, ಖರೇನಾ? (ಯಾದಗಿರಿ)
ಪೂರಾ ಹೋಗಲ್ಲ, ಪೂರಾ ಸುಳ್ಳೂ ಅಲ್ಲ. ಜೈಪುರದಾಗ 30 ಮಂದಿ ಮ್ಯಾಲ ಆರು ತಿಂಗಳು ನೋಡಿ 2025ರಾಗ ಬರ್ದಾರ, ಊದಿದವ್ರಿಗೆ ಹಗಲ ಜೋಂಪು ಮೂರರಾಗ ಒಂದು ಪಾಲು ಕಮ್ಮಿ ಆಗಿತ್ತು. 2006ರಾಗ ಸ್ವಿಟ್ಜರ್ಲೆಂಡಿನಾಗ ಡಿಜೆರಿಡೂ ಅನ್ನೋ ಉದ್ದ ವಾದ್ಯ ಊದಿಸಿನೂ ಹಿಂಗೇ ಸಿಕ್ಕಿತ್ತು. ಗಂಟಲಿನ ಸ್ನಾಯುಕ್ಕ ಅದೂ ವ್ಯಾಯಾಮನೇ. ಸಣ್ಣ ಅಪ್ನಿಯಾ ಇದ್ರ ಡಾಕ್ಟರಿಗೆ ಹೇಳಿ ಊದ್ರಿ, 30 ದಾಟಿದವ್ರು ಮಷೀನ್ ಬಿಟ್ಟು ಶಂಖ ಹಿಡೀಬ್ಯಾಡ್ರಿ. ಬಿಪಿ ಭಾಳ ಇದ್ದವರೂ ಬ್ಯಾಡ. ಓಣಿಯವ್ರನ್ನೂ ಒಂದು ಮಾತು ಕೇಳ್ರಿ.

ಬಾಯಿಗೆ ಟೇಪ್ ಹಚ್ಚಿ ಮಲಗೋದು ರೀಲ್ಸಿನಾಗ ನೋಡಿದೆ. (ಕಲಬುರಗಿ)
ಮೂಗು ಕಟ್ಟಿದವ್ರು ಹಚ್ಚಿದ್ರ ಉಸುರಿನ ಎರಡೂ ದಾರಿ ಬಂದ್. ಬ್ಯಾಡ.

ವಾರಕ್ಕೊಂದು ಇಂಜೆಕ್ಷನ್ ತಗೊಂಡ್ರ ಮಷೀನ್ ಬ್ಯಾಡಂತ? (ಬೀದರ)
ಟಿರ್ಝೆಪಟೈಡ್ ಬಗ್ಗೆ ಕೇಳೀರಿ. ಭಾಳ ದಪ್ಪ ಇದ್ದು ಮಧ್ಯಮ, ಸಿವಿಯರ್ ಅಪ್ನಿಯಾ ಇದ್ದವ್ರಿಗೆ ಅಮೆರಿಕದಾಗ 2024ರ ಡಿಸೆಂಬರ್‌ದಾಗ ಒಪ್ಪಿಗಿ ಸಿಕ್ಕದ, ನಮ್ಮ ದೇಶಕ್ಕ 2025ರ ಮಾರ್ಚಿನಾಗ ಮೌಂಜಾರೊ ಹೆಸರಿನ ಮ್ಯಾಲ ಶುಗರಿಗೆ, ವಜನಕ್ಕ ಅಂತ ಬಂತು. ಕೆಲವ್ರಿಗೆ ಛಲೋ ಕೆಲಸ ಮಾಡ್ತದ, ತುಟ್ಟಿ ಅದ, ವಾಂತಿ, ಹೊಟ್ಟಿ ತೊಳಸೋದು ಇರ್ತದ. ಕೊಬ್ಬಿನ ಜೋಡಿ ಸ್ನಾಯುನೂ ಕರಗ್ತದ, ಅದಕ್ಕ ವಜನ ಎತ್ತೋ ವ್ಯಾಯಾಮ, ತತ್ತಿ, ಬ್ಯಾಳಿ, ಶೇಂಗಾ ಬಿಡಂಗಿಲ್ಲ. ಮಷೀನ್ ಬಿಡೋದು ಮತ್ತೊಮ್ಮಿ ಟೆಸ್ಟ್ ಮಾಡ್ಸಿದ ಮ್ಯಾಲೇ.

ಮುಂದಿನ ತಿಂಗಳು ನನ್ನ ಮದ್ವಿ. ಮಷೀನ್ ಹಾಕ್ಕೊಂಡು ಮಲಗ್ತೀನಿ ಅಂತ ಹುಡುಗಿಗಿ ಹೇಳಿಲ್ಲ. (ಸೇಡಂ, 29 ವರ್ಷ)
ಮದ್ವಿಕಿಂತ ಮುಂಚೆ ಹೇಳಪಾ, ಹಿರಿಯರ ಬಾಯಿಂದ ಅಲ್ಲ, ನೀನೇ ಫೋನ್ ಹಚ್ಚಿ ಹೇಳು. ಚಷ್ಮಾ ಇದ್ದವ ಚಷ್ಮಾ ಮುಚ್ಚಿಡ್ತಾನೇನು? ಈಗಿನ ಮಷೀನ್ ಸಪ್ಪಳ ಫ್ಯಾನಿಗಿಂತ ಕಮ್ಮಿ, ಗೊರಕಿನೇ ಆಕಿ ನಿದ್ದಿ ಕೆಡಿಸೋದು. ಮದ್ವಿ ಗದ್ದಲದಾಗ ನಾಕು ದಿನ ಹಾಕ್ಕೊಳ್ಳೋದು ಬಿಡಬ್ಯಾಡ, ಬಿಟ್ಟ ಒಂದೆರಡು ರಾತ್ರಿಗೇ ಅಪ್ನಿಯಾ ವಾಪಸ್ ಬರ್ತದ, ಅಕ್ಷತಾ ಹೊತ್ತಿಗೆ ಕೂತಲ್ಲೇ ಜೋಂಪು ಹೋದ್ರ ಬೀಗರು ಏನೇನೋ ತಿಳ್ಕೊತಾರ. ಹೊಸ ಮಂಚ ಹಾಕೋ ಮುಂದ ಪ್ಲಗ್ ಪಾಯಿಂಟ್ ಯಾವ ಮಗ್ಗಲಿಗದ ನೋಡಿ ಹಾಕ್ಸು, ಎಕ್ಸ್‌ಟೆನ್ಷನ್ ವೈರು ಕಾಲಿಗೆ ತೊಡಕ್ತದ.